ತಳದಲ್ಲಿ ಉಳಿದ ಹಿಡಿ ಅಕ್ಕಿ

ಡ್ರೈಯರಿನ ಜಾಲರಿಗೆ ಮೆತ್ತಿಕೊಂಡಿದ್ದ ನೂಲಿನ ಧೂಳನ್ನು ಕೋಕಿಲಾ ಉಗುರಿನಿಂದ ಸುಲಿದು ತೆಗೆಯುತ್ತಿದ್ದರು. ಒಂದೇ ಪದರಾಗಿ ಎದ್ದು ಬಂದರೆ ಅವರಿಗೊಂದು ಸಮಾಧಾನ. ಇವತ್ತು ತುಂಡು ತುಂಡಾಗಿ ಬರುತ್ತಿತ್ತು.

"ಆಂಟಿ, ನಾಳೆ ಬೆಳಿಗ್ಗೆ ವಿಚಾರಣೆ ಇದೆ. ನೀವು ನೋಡಿದ್ರೆ ಲಾಂಡ್ರಿ ಮಾಡ್ತಾ ಕೂತಿದೀರ."

ಬೇಸ್‌ಮೆಂಟಿನ ಅಡುಗೆಕಟ್ಟೆಗೆ ಒರಗಿ ನಿಂತಿದ್ದ ಮೇಧಾಳ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು.

"ಅರಿವಿ ಒಗದರ ತಲಿ ಕೆಲಸಾ ಮಾಡೂದಿಲ್ಲಂತ ಯಾರು ಹೇಳ್ಯಾರವಾ ನಿನಗ? ಬಾ, ಈ ಚಾದರದ ಆ ಕಡೆ ತುದಿ ಹಿಡಿ."

ಮೇಧಾ ಬಂದು ಹಿಡಿದಳು. ಇಬ್ಬರೂ ಚಾದರ ಎಳೆದು ಮಡಿಸಿದರು. ಬಿಸಿ ಬಟ್ಟೆಯ ವಾಸನೆ ಕೋಣೆ ತುಂಬಿತು.

ಕೋಕಿಲಾ ಕೆನಡಾದ ಓಕ್‌ವಿಲ್ಲಿನ ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳ ಜಾಡು ಹಿಡಿಯುವ ಕೆಲಸ ಮಾಡಿ ನಿವೃತ್ತರಾದವರು. ಎರಿನ್ ಮಿಲ್ಸಿನ ತಮ್ಮ ಮನೆಯ ಬೇಸ್‌ಮೆಂಟನ್ನು ಇಬ್ಬರು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದರು. ಅರಸೀಕೆರೆಯ ಮೇಧಾ ಒಬ್ಬಳು, ಕುಂದಾಪುರದ ಅಕ್ಷಯಾ ಇನ್ನೊಬ್ಬಳು. ಇಬ್ಬರೂ ಬ್ರಾಂಟ್‌ಹಿಲ್ ಕಾಲೇಜಿನವರು. ಹೆಚ್ಚು ಅಂಕ ತೆಗೆದವರಿಗೆ ಮಾತ್ರ ಬಾಗಿಲು ತೆರೆಯುವ ಆನರ್ ಸೊಸೈಟಿಗೆ ಇಬ್ಬರೂ ಸೇರಿದ್ದರು. ಈ ಸಲ ಅದರ ಅಧ್ಯಕ್ಷ ಸ್ಥಾನಕ್ಕೆ ಮೇಧಾ ನಿಂತಿದ್ದಳು. ಅವಳ ಪರವಾಗಿ ಪೋಸ್ಟರು ಬರೆದವಳು, ಮತ ಕೇಳಿದವಳು ಅಕ್ಷಯಾ.

ಎಲ್ಲ ನೆಟ್ಟಗೆ ನಡೆದಿತ್ತು, ಶುಕ್ರವಾರದವರೆಗೆ.

ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೆ ಬಿಟ್ಟಿಯಾಗಿ ದಿನಸಿ ಕೊಡುವ ಒಂದು ಕೋಣೆ ಆ ಕಾಲೇಜಿನಲ್ಲಿದೆ. ಅದನ್ನು ನಡೆಸುವುದು ಇದೇ ಸೊಸೈಟಿ. ಎಲ್ಲರೂ ಅದನ್ನು ಪ್ಯಾಂಟ್ರಿ ಎನ್ನುತ್ತಾರೆ. ಶುಕ್ರವಾರ ಯಾರೋ ಸೊಸೈಟಿಯ ಸಲಹೆಗಾರ್ತಿ ಮಿಸೆಸ್ ವಿಟ್ಲಾಕ್ ಅವರಿಗೆ ಹೆಸರು ಹಾಕದೆ ಒಂದು ಫೋಟೋ ಕಳಿಸಿದ್ದರು. ಮೇಧಾಳ ಲಾಕರಿನೊಳಗೆ ಪ್ಯಾಂಟ್ರಿಯ ಚೀಲಗಳು. ವಿಟ್ಲಾಕ್ ಸಂಜೆ ಹೋಗಿ ಲಾಕರು ತೆಗೆಸಿದರು. ಚೀಲಗಳು ಅಲ್ಲೇ ಇದ್ದವು.

"ಯಾರೋ ಇಟ್ಟಿದ್ದಾರೆ," ಎಂದಿದ್ದಳು ಮೇಧಾ. ಮೂರು ದಿನದಿಂದ ಅದೇ ಮಾತು.

ಸೋಮವಾರ ಬೆಳಿಗ್ಗೆ ವಿಚಾರಣೆ, ಮಧ್ಯಾಹ್ನ ಮತದಾನ. ಅಪವಾದ ನಿಂತರೆ ಅಭ್ಯರ್ಥಿಯ ಪಟ್ಟ ಮಾತ್ರವಲ್ಲ, ಸೊಸೈಟಿಯಿಂದಲೇ ಹೆಸರು ಹೋಗುತ್ತದೆ. ಹಸಿದವರ ದಿನಸಿ ಕದ್ದವಳು ಎಂಬ ಮಾತು ಕಾಲೇಜಿನ ಕಡತಕ್ಕೆ ಸೇರುತ್ತದೆ.

"ಸೋತ್ರೆ ಸೋಲ್ತೀನಿ ಆಂಟಿ," ಎಂದಳು ಮೇಧಾ, ಚಾದರವನ್ನು ಕಟ್ಟೆಯ ಮೇಲಿಡುತ್ತ. "ಆದ್ರೆ ಕಳ್ಳಿ ಅನ್ನಿಸ್ಕೊಂಡು ಸೋಲೋಕಾಗಲ್ಲ."

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಕಾಫಿ ಅಂಗಡಿಯ ಶಿಫ್ಟು ಮುಗಿಸಿದ ಅಕ್ಷಯಾ ತಲೆಯ ಟೊಪ್ಪಿ ಕೀಳುತ್ತ ಇಳಿದು ಬಂದಳು.

"ಹೊರಗೆ ಚಿರಂತನ್ ಕಾರು ನಿಲ್ಸಿದ್ದಾನೆ ಆಂಟಿ. ನಿಮ್ಮನ್ನು ಕಾಲೇಜಿಗೆ ಕರ್ಕೊಂಡು ಹೋಗ್ಲಿಕ್ಕಂತೆ. ಎಂತ ಕಾಲ ಮಾರಾಯ್ರೆ! ಚುನಾವಣೆಯಲ್ಲಿ ಇವಳ ಎದುರಿಗೆ ನಿಂತವನೇ ಡ್ರೈವರ್."

"ನಾನಽ ಕರದೀನಿ," ಎಂದು ಕೋಕಿಲಾ ಕೋಟು ಹುಡುಕಿದರು. "ಪ್ಯಾಂಟ್ರಿ ಕೀಲಿ ಇರೂದು ಅವನ ಹತ್ರ. ಕೀಲಿ ಇದ್ದವರ ಜೋಡಿ ಜಗಳಾ ಆಡಬಾರದು."

ಅಕ್ಷಯಾ ನಕ್ಕಳು. ಮೇಧಾ ನಗಲಿಲ್ಲ.

*

ಚಿರಂತನ್ ಹುಟ್ಟಿದ್ದೇ ಇಲ್ಲಿ. ಅಪ್ಪ ಶ್ರೀಕಂಠ ಬೆಂಗಳೂರಿನಿಂದ ಬಂದ ಎಂಜಿನಿಯರು, ಓಕ್‌ವಿಲ್ಲಿನಲ್ಲಿ ದೊಡ್ಡ ಮನೆ. ಹುಡುಗನಿಗೆ ಕನ್ನಡ ಪೂರಾ ತಿಳಿಯುತ್ತದೆ. ಮಾತು ಮಾತ್ರ ಅರ್ಧ ದಾರಿಯಲ್ಲಿ ಇಂಗ್ಲಿಷಿಗೆ ಹೊರಳುತ್ತದೆ.

"ಆಂಟಿ, ಐ ಸ್ವೇರ್, ನಾನು ಮಾಡಿಲ್ಲ," ಎಂದ, ಕಾರು ಹೈವೇ ಹತ್ತಿದ ಕೂಡಲೇ.

"ನಾ ಕೇಳೇ ಇಲ್ಲಲ್ಲಪಾ."

"ಎಲ್ಲರೂ ನನ್ನೇ ನೋಡ್ತಾರೆ. ಗ್ರೂಪ್ ಚಾಟಲ್ಲಿ ಯಾರೋ ನನ್ನ ಫೋಟೋಗೆ ಅಕ್ಕಿ ಮೂಟೆ ಅಂಟಿಸಿದಾರೆ. ಲೈಕ್, ಸೀರಿಯಸ್ಲಿ?"

"ಗೆಲ್ಲೂ ಆಸೆ ಇಲ್ಲೇನು ನಿನಗ?"

"ಇದೆ. ಸೋತ್ರೆ ಅಪ್ಪ ನೆಕ್ಸ್ಟ್ ಇಯರ್ ತನಕ ಲೆಕ್ಚರ್ ಕೊಡ್ತಾರೆ. ಬಟ್ ನಾಟ್ ಲೈಕ್ ದಿಸ್."

ಭಾನುವಾರದ ಕಾಲೇಜು ಖಾಲಿ ಹೊಡೆಯುತ್ತಿತ್ತು. ಕಾರಿಡಾರಿನ ನೆಲದ ಮೇಲೆ ವಾರದ ಬೂಟುಗಳು ತಂದ, ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪಿನ ಬಿಳಿ ಕಲೆ ಹಾಗೇ ಒಣಗಿತ್ತು. ಗೋಡೆಯ ಮೇಲೆ ಎರಡು ಪೋಸ್ಟರು ಅಕ್ಕಪಕ್ಕ. ಒಂದರಲ್ಲಿ ಚಿರಂತನ್ ಕೈಕಟ್ಟಿ ನಿಂತಿದ್ದ. ಇನ್ನೊಂದರಲ್ಲಿ ಮೇಧಾ ನಗುತ್ತಿದ್ದಳು, ಕೆಳಗೆ ದೊಡ್ಡದಾಗಿ 'ಎಲ್ಲರಿಗೂ ಒಂದು ಜಾಗ' ಎಂದು ಇಂಗ್ಲಿಷಿನಲ್ಲಿ.

ಪ್ಯಾಂಟ್ರಿಯ ಬಾಗಿಲಿಗೆ ಚಿರಂತನ್ ಕೀಲಿ ಹಾಕಿ ಎಡಕ್ಕೆ ತಿರುವಿದ, ಬಾಗಿಲನ್ನು ತನ್ನ ಕಡೆ ಎಳೆದುಕೊಂಡು ಮಂಡಿಯಿಂದ ಒಮ್ಮೆ ಗುದ್ದಿದ.

"ಈ ಲಾಕು ಉಲ್ಟಾ ಆಂಟಿ. ಹೊಸಬರಿಗೆ ಓಪನ್ನೇ ಆಗಲ್ಲ."

"ಕೀಲಿ ಎಷ್ಟು ಮಂದಿ ಹತ್ರ ಅದ?"

"ನಾನು ಸೆಕ್ರೆಟರಿ, ಸೋ ನನ್ನ ಹತ್ರ ಒಂದು. ಮೇಧಾ ಪ್ಯಾಂಟ್ರಿ ಲೀಡ್, ಅವಳ ಹತ್ರ ಒಂದಿತ್ತು. ಶುಕ್ರವಾರ ಮಿಸೆಸ್ ವಿಟ್ಲಾಕ್ ವಾಪಸ್ ತಗೊಂಡ್ರು. ಅವತ್ತಿಂದ ಯಾರೂ ಒಳಗೆ ಬಂದಿಲ್ಲ."

ಚಿಕ್ಕ ಕೋಣೆ. ಮೂರು ಕಡೆ ಕಪಾಟು, ಡಬ್ಬಿ ಟೊಮ್ಯಾಟೊ, ಪಾಸ್ತಾ, ಬೀನ್ಸು. ಬಾಗಿಲ ಬಳಿ ಮೇಜು, ಅದರ ಮೇಲೆ ಕಾರ್ಡು ಉಜ್ಜುವ ಯಂತ್ರ, ಪಕ್ಕದಲ್ಲಿ ಅಗಲವಾದ ಪರದೆ.

"ಇದೇನಪಾ?"

"ಸ್ಟೂಡೆಂಟ್ ಕಾರ್ಡ್ ಸ್ವೈಪ್ ಮಾಡಿದ್ರೆ ಹೆಸರು ಬರುತ್ತೆ. ಆಮೇಲೆ ದಿನಸಿ. ಮಿಸೆಸ್ ವಿಟ್ಲಾಕ್ ತಂದ ರೂಲು. ಷಿ ಈಸ್ ವೆರಿ ಪ್ರೌಡ್ ಆಫ್ ಇಟ್."

ಪರದೆ ಬಾಗಿಲ ಕಡೆ ಮುಖ ಮಾಡಿತ್ತು. ಸಾಲಿನಲ್ಲಿ ಹಿಂದೆ ನಿಂತವರಿಗೂ ಓದಲು ಬರುವಂತೆ. ಕೋಕಿಲಾ ಅದನ್ನು ನೋಡಿಕೊಂಡು ಮುಂದೆ ಹೋದರು.

ಮೂಲೆಯಲ್ಲಿ ಸೊಂಟದೆತ್ತರದ ಅಕ್ಕಿಯ ಡಬ್ಬಿ. ಮುಚ್ಚಳ ತೆಗೆದು ಬಗ್ಗಿ ನೋಡಿದರು.

ಡಬ್ಬಿ ಖಾಲಿ. ಪೂರಾ ಖಾಲಿಯಲ್ಲ. ತಳದಲ್ಲಿ ಒಂದು ಹಿಡಿ ಅಕ್ಕಿ. ಚೆಲ್ಲಾಪಿಲ್ಲಿಯಾಗಿ ಅಂಟಿಕೊಂಡು ಉಳಿದ ಕಾಳುಗಳಲ್ಲ. ಕೈಯಿಂದ ಒಟ್ಟು ಮಾಡಿ ಒಂದು ಪಕ್ಕಕ್ಕೆ ಇಟ್ಟಂಥ ಪುಟ್ಟ ರಾಶಿ.

ಕೋಕಿಲಾ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಬ್ಯಾಕ್ ಪೇನಾ ಆಂಟಿ?"

"ಇಲ್ಲಪಾ." ಎದ್ದು ಫೋನಿನಲ್ಲಿ ಫೋಟೋ ತೆಗೆದುಕೊಂಡರು.

"ಮೂಟೆಗಟ್ಟಲೆ ತಗೊಂಡು ಅಷ್ಟನ್ನ ಬಿಟ್ಟಿದ್ದಾನೆ," ಎಂದ ಚಿರಂತನ್. "ಲೇಜಿ ಕಳ್ಳ."

ಪಕ್ಕದ ಸಣ್ಣ ಡಬ್ಬಿಯಲ್ಲಿ ಸ್ವಲ್ಪ ಬೇಳೆ ಉಳಿದಿತ್ತು. ಕೋಕಿಲಾ ಅದನ್ನು ತೋರಿಸಿದರು.

"ಈ ಬ್ಯಾಳಿನ ಆ ಕಾಗದದ ಚೀಲಕ್ಕ ಹಾಕ್ತೀಯೇನು? ಡಬ್ಬಿ ಹ್ಯಾಂಗದ ನೋಡಬೇಕು."

ಹುಡುಗ ಡಬ್ಬಿಯನ್ನು ಎತ್ತಿ ಚೀಲದ ಮೇಲೆ ಬೋರಲು ಹಾಕಿದ. ಒಂದು ಕಾಳೂ ಉಳಿಯದಂತೆ ತಳಕ್ಕೆ ಅಂಗೈಯಿಂದ ಬಡಿದ. ಡಬ್ಬಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದ. "ಕ್ಲೀನ್," ಎಂದ.

ತಡೆಯಲು ಮುಂದೆ ಹೋಗಿದ್ದ ತಮ್ಮ ಕೈಯನ್ನು ಕೋಕಿಲಾ ಹಿಂದಕ್ಕೆ ತಂದುಕೊಂಡರು.

ಈ ಹುಡುಗ ಅಲ್ಲ. ಬೇಕೆಂದು ನಟಿಸಿದವನೂ ಅಲ್ಲ. ತಳದಲ್ಲಿ ಹಿಡಿ ಕಾಳು ಬಿಡುವ ಪಾಠವನ್ನು ಈ ಕೈ ಕಲಿತೇ ಇಲ್ಲ.

ಮೇಜಿನ ಕೆಳಗೆ, ಲಾಕರಿನಿಂದ ತಂದ ಚೀಲಗಳಿದ್ದವು. ಮೂರು. ಮೊದಲೆರಡರಲ್ಲಿ ಅಕ್ಕಿ, ಬೇಳೆ, ಎಣ್ಣೆಯ ಶೀಷೆ. ಮೂರನೆಯದರಲ್ಲಿ ಹಸುಗೂಸಿನ ಹಾಲಿನ ಪುಡಿ, ಒಂದರ ಮೇಲೊಂದು ಡಬ್ಬಿ. ಪ್ರತಿ ಡಬ್ಬಿಯ ಮುಚ್ಚಳಕ್ಕೂ ಅಂಗಡಿಯವರು ಕಳ್ಳತನ ತಡೆಯಲು ಹಾಕುವ ಕರಿಯ ಪ್ಲಾಸ್ಟಿಕ್ ಪಟ್ಟಿ ಹಾಗೇ ಇತ್ತು.

"ಇಲ್ಲೆ ಕೂಸಿನ ಹಾಲಿನ ಪುಡಿ ಇಡ್ತೀರೇನು?"

"ನೋ... ಐ ಡೋಂಟ್ ಥಿಂಕ್ ಸೋ," ಎಂದ ಚಿರಂತನ್, ತಲೆ ಕೆರೆದುಕೊಳ್ಳುತ್ತ. "ನಾನು ನೋಡಿಲ್ಲ."

ವಾಪಸಾಗುವಾಗ ಅವನು ತಡೆಯಲಾರದೆ ಕೇಳಿದ. "ಯಾರು ಅಂತ ಗೊತ್ತಾಯ್ತಾ?"

"ಯಾರಲ್ಲ ಅನ್ನೂದು ಗೊತ್ತಾತು. ಅರ್ಧಾ ಕೆಲಸಾ ಅದು."

"ಯಾರಲ್ಲ?"

"ನೀ ಅಲ್ಲ."

ಹುಡುಗನ ಹೆಗಲು ಸಡಿಲವಾಯಿತು. "ಥ್ಯಾಂಕ್ಸ್ ಆಂಟಿ. ಗ್ರೂಪ್ ಚಾಟಲ್ಲಿ ಹಾಕ್ಲಾ?"

"ನಾಳೆ ತನಕಾ ಬಾಯಿ ಮುಚಿಗೊಂಡಿರು, ಜಾಣ."

ಅವನಿಗೆ ಸಂತೋಷ. ಕೋಕಿಲಾ ಕಿಟಕಿಯ ಕಡೆ ತಿರುಗಿದರು. ರಸ್ತೆಯಂಚಿನ ಹಿಮ ಕರಗಿ ಮಸಿಯ ಬಣ್ಣಕ್ಕೆ ತಿರುಗಿತ್ತು. ಒಬ್ಬನ ಮೇಲಿನ ಸಂಶಯ ತೊಳೆದ ಅದೇ ಹಿಡಿ ಅಕ್ಕಿ ಈಗ ಅವರದೇ ಮನೆಯ ಕೆಳಮಹಡಿಯ ಕಡೆ ಬೆರಳು ತೋರಿಸುತ್ತಿತ್ತು.

*

ಅವರು ಬೇಸ್‌ಮೆಂಟಿಗೆ ಇಳಿದಾಗ ಸಂಜೆಯ ಬೆಳಕು ಮೇಲಿನ ಸಣ್ಣ ಕಿಟಕಿಯಲ್ಲಿ ಒಂದು ಗೆರೆಯಷ್ಟಿತ್ತು. ಮೇಧಾ ಒಲೆಯ ಮುಂದೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅಕ್ಷಯಾ ನಾಳೆ ಮೇಧಾ ತೊಡಬೇಕಾದ ಕೋಟಿಗೆ ಇಸ್ತ್ರಿ ಮಾಡುತ್ತಿದ್ದಳು.

"ಒಲಿ ಆರಿಸವಾ. ಇಬ್ರೂ ಕುಂದರ್ರಿ."

ಇಬ್ಬರೂ ಮುಖ ಮುಖ ನೋಡಿಕೊಂಡು ಕುಳಿತರು. ಕೋಕಿಲಾ ಫೋನನ್ನು ಮೇಜಿನ ನಡುವೆ ಇಟ್ಟರು. ಡಬ್ಬಿಯ ತಳದ ಚಿತ್ರ.

"ನಮ್ಮ ಧಾರವಾಡದಾಗ ನಮ್ಮವ್ವ ಅಕ್ಕಿ ಡಬ್ಬಿ ತಳಾ ಕಾಣಸ್ತಿರಲಿಲ್ಲ. ಹೊಸಾದು ಬರೂ ತನಕಾ ಒಂದು ಹಿಡಿ ಇರಬೇಕು. ಪೂರಾ ಬಳದು ತಗದರ ಮನಿಯಿಂದ ಅನ್ನಪೂರ್ಣಿ ಎದ್ದು ಹೋಗ್ತಾಳ ಅಂತ. ನಿಮ್ಮ ಕಡೆ ಹ್ಯಾಂಗವಾ ಅಕ್ಷಯಾ?"

"ನಮ್ಮಲ್ಲೂ ಹಾಗೇ ಆಂಟಿ. ಅಜ್ಜಿ ಬೈತಿದ್ರು."

"ನಿಮ್ಮಲ್ಲೆ?"

ಮೇಧಾ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. "ನಮ್ಮಲ್ಲೂ."

"ಚಿರಂತನ್ ಇವತ್ತ ನನ್ನ ಕಣ್ಣ ಮುಂದ ಬ್ಯಾಳಿ ಡಬ್ಬಿ ಬೋರಲು ಹಾಕಿ ಬಡದಾ. ಒಂದು ಕಾಳು ಬಿಡಲಿಲ್ಲ. ಪ್ಯಾಂಟ್ರಿ ಅಕ್ಕಿ ತಗದಾವರು ಕಳ್ಳತನಾ ಮಾಡೂ ಹೊತ್ತಿನ್ಯಾಗೂ ಒಂದು ಹಿಡಿ ಬಿಟ್ಟಾರ."

ಇಸ್ತ್ರಿಪೆಟ್ಟಿಗೆ ತನ್ನಷ್ಟಕ್ಕೆ ಟಿಕ್ ಎಂದಿತು.

ಅಕ್ಷಯಾ ಎದ್ದು ನಿಂತಳು. "ನಾನೇ ತೆಗೆದದ್ದು ಆಂಟಿ."

"ಅಕ್ಷಯಾ!" ಎಂದಳು ಮೇಧಾ.

"ನೀನು ಸುಮ್ನಿರು ಮಾರಾಯ್ತಿ. ಶುಕ್ರವಾರ ಬೆಳಿಗ್ಗೆ ಇವಳ ಬ್ಯಾಗಿಂದ ಕೀಲಿ ತೆಗೆದೆ. ಅಕ್ಕಿ ತುಂಬಿಸಿದೆ. ಲಾಕರಲ್ಲಿ ಇಟ್ಟೆ. ಲಾಕರಿನ ಬೀಗದ ನಂಬರ್ ನಂಗೆ ಗೊತ್ತುಂಟು. ನಾಳೆ ನಾನೇ ಹೇಳ್ತೇನೆ."

ಕೋಕಿಲಾ ಅವಳನ್ನೇ ನೋಡಿದರು. ವಿಮಾ ಕಂಪನಿಯಲ್ಲಿ ಅವರು ಕಲಿತ ಒಂದು ಮಾತಿತ್ತು. ತಪ್ಪು ಮಾಡಿದವನು ಒಪ್ಪಿಕೊಳ್ಳುವಾಗ ತಡವರಿಸುತ್ತಾನೆ. ಸರಾಗವಾಗಿ ಒಪ್ಪಿಕೊಳ್ಳುವವನು ಬೇರೆಯವರ ಹೊರೆ ಹೊತ್ತಿರುತ್ತಾನೆ.

"ಬಾಗಲಾ ಹ್ಯಾಂಗ ತಗದೀ?"

"ಹೇಗಂದ್ರೆ? ಕೀಲಿ ಹಾಕಿ ಬಲಕ್ಕೆ ತಿರುಗ್ಸಿದೆ, ದೂಡಿದೆ."

"ಆ ಬಾಗಲಾ ಬಲಕ್ಕ ತಿರುವಿದರ ತಗಿಯೂದಿಲ್ಲವಾ. ದೂಡಿದರಂತೂ ಇನ್ನೂ ಬಿಗೀತದ."

ಅಕ್ಷಯಾ ಮೇಧಾಳ ಕಡೆ ತಿರುಗಿದಳು.

"ಎಡಕ್ಕೆ ತಿರುಗಿಸಿ, ಎಳೆದು, ಮಂಡಿಯಿಂದ ಒಂದು ಗುದ್ದಬೇಕು," ಎಂದಳು ಮೇಧಾ. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ಒಲೆಯ ಮೇಲಿನ ಸಾರು ಆರುವ ಸದ್ದು ಅದಕ್ಕಿಂತ ದೊಡ್ಡದಿತ್ತು. "ಸಾಕು ಬಿಡೇ. ನಾನು ಆಂಟಿ. ನಾನೇ ತಗೊಂಡಿದ್ದು."

ಕೋಕಿಲಾ ಫೋನನ್ನು ಅವಳ ಕಡೆ ಸರಿಸಿದರು. ಹೇಳಿಸಬೇಕಾದ್ದು ಇನ್ನೂ ಇತ್ತು.

"ಆ ಹಿಡಿ ಅಕ್ಕಿ ಬಿಟ್ಟಿದ್ದು ನಂಗೆ ಗೊತ್ತೇ ಇಲ್ಲ. ಕೈ ತಾನಾಗೇ ನಿಂತಿರಬೇಕು." ಮೇಧಾ ಕಣ್ಣೊರೆಸಿಕೊಂಡಳು. "ನಂಗಲ್ಲ ಆಂಟಿ. ಪಕ್ಕದೂರು ಬ್ರಾಂಪ್ಟನ್‌ನಲ್ಲಿ ಒಂದು ಬೇಸ್‌ಮೆಂಟಿದೆ. ಫಸ್ಟ್ ಇಯರ್ ಹುಡುಗೀರು, ಎಲ್ಲಾ ನಮ್ ಕಡೆಯವ್ರೇ. ವೇರ್‌ಹೌಸಲ್ಲಿ ಶಿಫ್ಟು ಕಡಿಮೆ ಆಯ್ತು. ಒಂದು ಹೊತ್ತು ಉಂಡು ಕ್ಲಾಸಿಗೆ ಬರ್ತಾರೆ."

"ಪ್ಯಾಂಟ್ರಿಗೆ ಬರಬೇಕಿಲ್ಲೋ? ಅದಿರೂದು ಅವರ ಸಲವಾಗೇ."

"ಬಂದಿದ್ಲು, ಒಬ್ಳು. ಜಯಶೀಲಾ ಅಂತ, ಕೊಪ್ಪಳದವಳು. ಕಾರ್ಡ್ ಉಜ್ಜಿದ್ಲು. ಪರದೆ ಮೇಲೆ ಇಷ್ಟು ದೊಡ್ಡ ಹೆಸರು ಬಂತು. ಹಿಂದೆ ನಿಂತಿದ್ದ ಅವಳ ಕ್ಲಾಸಿನ ಹುಡುಗ ಅದನ್ನ ಗಟ್ಟಿಯಾಗಿ ಓದಿದ. ಕೀಟಲೆಗೆ. ಅವ್ಳು ಚೀಲ ಅಲ್ಲೇ ಬಿಟ್ಟು ಹೋದ್ಲು. ಊರಿಗೆ ಸುದ್ದಿ ಹೋಗುತ್ತೆ ಅಂತ ಭಯ ಆಂಟಿ ಅವರಿಗೆ. ಅಪ್ಪ ಅಮ್ಮ ಎಲ್ರ ಹತ್ರಾನೂ ಮಗಳು ಕೆನಡಾದಲ್ಲಿ ಚೆನ್ನಾಗಿದ್ದಾಳೆ ಅಂದಿರ್ತಾರಲ್ಲ. ಆಮೇಲೆ ಒಬ್ರೂ ಬರಲಿಲ್ಲ."

"ಅದಕ್ಕ ನೀ ಹೊತಗೊಂಡು ಹೋದಿ."

"ಕಾರ್ಡಿಲ್ಲದೆ ಕೊಟ್ರೆ ಕಳ್ಳತನ. ರೂಲು ಹಾಗಿದೆ."

"ರೂಲು ಬದಲು ಮಾಡ್ರಿ ಅಂತ ಹೇಳಬೇಕಾಗಿತ್ತು."

ಮೇಧಾ ತಲೆ ತಗ್ಗಿಸಿದಳು. ಉತ್ತರ ಬಂದದ್ದು ಅಕ್ಷಯಾಳಿಂದ.

"ಬರ್ದಿದ್ದಾಳೆ ಆಂಟಿ. ವಿಟ್ಲಾಕ್ ಮೇಡಂಗೆ ಕಾಗದ. ಈ ಮೆಷಿನ್ ತೆಗೀರಿ, ಹೆಸರು ಕೇಳ್ಬೇಡಿ ಅಂತ. ಎಷ್ಟು ಚಂದ ಬರ್ದಿದ್ದಾಳೆ ಗೊತ್ತುಂಟಾ? ದೀಪಾವಳಿಗೆ ಬರೆದದ್ದು. ಈಗ ಯುಗಾದಿ ಬಂತು. ಇನ್ನೂ ಲ್ಯಾಪ್‌ಟಾಪಲ್ಲೇ ಕೂತಿದೆ. ಮದುವೆಗೆ ಬಂದ ಹುಡುಗಿಯ ಹಾಗೆ ದಿನಾ ಅದಕ್ಕೆ ಅಲಂಕಾರ ಮಾಡುದು, ಮನೆಯಿಂದ ಕಳಿಸುದಿಲ್ಲ."

"ಕಳಿಸಿದ್ರೆ ಮೇಡಂಗೆ ಕೋಪ ಬರುತ್ತೆ ಅಂತ ಗೊತ್ತಿಲ್ವಾ ನಿಂಗೆ?" ಮೇಧಾ ತಿರುಗಿದಳು. "ಆ ಮೆಷಿನ್ ಅವರ ಹೆಮ್ಮೆ. ಅವ್ರು ಒಂದು ಮಾತು ಹೇಳಿದ್ರೆ ಅರ್ಧ ಸೊಸೈಟಿ ನಂಗೆ ಓಟು ಹಾಕಲ್ಲ. ಗೆದ್ರೆ ನಾನೇ ಅಧ್ಯಕ್ಷೆ, ನಾನೇ ರೂಲು ತೆಗೀಬಹುದು. ಅದಕ್ಕೆ ತಡೆದೆ."

"ಗೆದ್ದ ಮೇಲೆ, ಗೆದ್ದ ಮೇಲೆ! ಅಷ್ಟರ ತನಕ ಆ ಹುಡುಗಿಯರು ಎಂತ ತಿನ್ನುದು, ನಿನ್ನ ಪೋಸ್ಟರಾ?"

ಮೇಲೆ ಕೋಕಿಲಾರ ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಡುವುದು ಇಲ್ಲಿಗೆ ಕೇಳುತ್ತಿತ್ತು.

ಕೋಕಿಲಾ ಮೆಲ್ಲನೆ ಕೇಳಿದರು. "ಬೀಗದ ನಂಬರ್ ಗೊತ್ತಿದ್ದಾಕಿ ನೀನಽ. ಫೋಟೋ ಕಳಿಸಿದಾಕಿನೂ ನೀ ಏನವಾ?"

ಅಕ್ಷಯಾ ಕುಳಿತುಕೊಂಡಳು. ಈ ಸಲ ಅವಳ ಮಾತು ತಡವರಿಸಿತು.

"ಹೌದು... ನಾನು ಅಂದ್ಕೊಂಡದ್ದು... ಫೋಟೋ ಹೋದ್ರೆ ಮೇಡಂ ಕರೆದು ಕೇಳ್ತಾರೆ. ಕೇಳಿದ್ರೆ ಇವಳು ಕಾರಣ ಹೇಳ್ತಾಳೆ. ಕಾಗದ ತಾನಾಗೇ ಹೊರಗೆ ಬರ್ತದೆ ಅಂತ. ಇವಳು ಯಾರೋ ಇಟ್ಟಿದ್ದಾರೆ ಅಂದ್ಬಿಟ್ಲು. ಚಿರಂತನ್ ಇಟ್ಟದ್ದು ಅಂತ ಊರೆಲ್ಲ ಮಾತಾಡುವಾಗಲೂ ಸುಮ್ನಿದ್ಲು."

ಮೇಧಾಳಿಗೆ ಪೆಟ್ಟು ತಾಗಿದ್ದು ಫೋಟೋದ ಮಾತಿನಿಂದಲ್ಲ, ಕೊನೆಯ ಮಾತಿನಿಂದ.

"ಅವನು ನಂಗೆ ಫೋನ್ ಮಾಡಿದ್ದ," ಎಂದಳು. "ಐ ಡಿಡಂಟ್ ಡೂ ಇಟ್ ಮೇಧಾ, ನಂಬು ಅಂದ. ನಾನು ನೋಡೋಣ ಅಂದೆ. ಗೊತ್ತಿದ್ದೂ ನೋಡೋಣ ಅಂದೆ."

ಕೋಕಿಲಾ ಎದ್ದು ಆರಿದ ಸಾರಿನ ಪಾತ್ರೆಗೆ ಮುಚ್ಚಳ ಇಟ್ಟು ಬಂದರು.

"ಮೂರನೇ ಚೀಲಾ ಯಾರ ಸಲವಾಗಿ ತಗೊಂಡಿದ್ದಿ? ಆ ಹುಡಿಗ್ಯಾರ ಮನ್ಯಾಗ ಕೂಸು ಯಾರದು?"

"ಯಾವ ಮೂರನೇ ಚೀಲ?"

"ಹಾಲಿನ ಪುಡೀದು."

ಮೇಧಾ ಅರ್ಥವಾಗದೆ ನೋಡಿದಳು. "ನಾನು ಎರಡೇ ಚೀಲ ತಗೊಂಡಿದ್ದು ಆಂಟಿ. ಅಕ್ಕಿ, ಬೇಳೆ, ಎಣ್ಣೆ. ಹಾಲಿನ ಪುಡಿ ಪ್ಯಾಂಟ್ರಿಯಲ್ಲಿ ಇಡೋದೇ ಇಲ್ಲ."

ಅಕ್ಷಯಾ ಆಗಲೇ ಫೋನು ತೆಗೆದು ಶುಕ್ರವಾರ ಮಧ್ಯಾಹ್ನ ತಾನು ತೆಗೆದ ಫೋಟೋ ದೊಡ್ಡದು ಮಾಡಿದ್ದಳು. ತೆರೆದ ಲಾಕರು, ಮೇಧಾಳ ಕೆಂಪು ಶಾಲು, ಕೆಳಗೆ ಚೀಲಗಳು.

ಎರಡೇ.

ಮೂವರೂ ಆ ಚಿತ್ರದ ಮೇಲೆ ಬಗ್ಗಿದರು. ಮಧ್ಯಾಹ್ನ ಎರಡಿದ್ದದ್ದು, ವಿಟ್ಲಾಕ್ ಸಂಜೆ ಬಂದು ಬಾಗಿಲು ತೆಗೆಸುವಾಗ ಮೂರಾಗಿತ್ತು.

"ಲಾಕರ್ ಬೀಗದ ನಂಬರ್ ಬ್ಯಾರೆ ಯಾರಿಗೆ ಗೊತ್ತದ?"

"ಯಾರಿಗೂ ಇಲ್ಲ," ಎಂದರು ಇಬ್ಬರೂ ಒಟ್ಟಿಗೆ. ಹಾಗೆ ಹೇಳಿ ಒಬ್ಬರನ್ನೊಬ್ಬರು ನೋಡಿಕೊಂಡರು. ಈ ನೋಟದಲ್ಲಿ ಸಂಶಯವಿರಲಿಲ್ಲ, ಹೆದರಿಕೆಯಿತ್ತು.

ಕೋಕಿಲಾ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು. "ಕೇಳ್ರಿಲ್ಲೆ. ಕೂಸಿನ ಹಾಲಿನ ಪುಡಿ ಈಗ ಅಂಗಡ್ಯಾಗ ಕೀಲಿ ಹಾಕಿ ಇಡ್ತಾರ. ಯಾಕಂದರ ಅಷ್ಟು ಕಳುವಾಗ್ತದ. ಆ ಡಬ್ಬಿಗೆ ಅಂಗಡಿ ಪಟ್ಟಿ ಇನ್ನೂ ಹಂಗೇ ಅದ. ದುಡ್ಡು ಕೊಟ್ಟು ತಂದಿದ್ದರ ಅದನ್ನ ಬಿಚ್ಚಿ ಕೊಡ್ತಿದ್ರು. ಯಾರೋ ಅಂಗ್ಡೀಲಿಂದ ಎತ್ತಿ ತಂದ ಮಾಲು ನಿನ್ನ ಲಾಕರ್‌ನ್ಯಾಗ ಇಟ್ಟಾರ. ನಿನ್ನ ಹೆಸರು ಕೆಡಿಸಾಕೋ, ಮಾಲು ಮುಚ್ಚಿಡಾಕೋ, ಇನ್ನೂ ನನಗ ತಿಳೀವಲ್ದು."

"ಹಾಗಾದ್ರೆ ಯಾರೋ ಇಟ್ಟಿದ್ದಾರೆ ಅಂದದ್ದು..." ಅಕ್ಷಯಾ ನುಂಗಿಕೊಂಡಳು, "...ಮೂರನೇದಕ್ಕೆ ನಿಜ ಆಯ್ತಲ್ಲ."

"ಹೌದು. ಆದರ ಎರಡು ನನ್ನವು, ಒಂದು ನನ್ನದಲ್ಲ ಅಂದರ ಯಾರು ನಂಬ್ತಾರ? ಎರಡಕ್ಕೆ ಒಪ್ಪಿಗೊಂಡಾಕಿ ಮೂರಕ್ಕೂ ಸೇರ್ತಾಳ. ಅದು ಸೊಸೈಟಿ ಮಾತಲ್ಲ ಆಮ್ಯಾಲೆ, ಪೊಲೀಸರ ಮಾತು. ನಾಳೆ ಒಂದು ದಿನಾ ಬಾಯಿ ಬಿಡಬ್ಯಾಡ ಮೇಧಾ. ವಿಚಾರಣಿ ಮುಂದಕ್ಕ ಹಾಕ್ರಿ ಅಂತ ನಾನಽ ವಿಟ್ಲಾಕ್ ಮೇಡಂಗ ಹೇಳ್ತೀನಿ. ಆ ಚೀಲಾ ಇಟ್ಟಾವರನ್ನ ನಾ ಹುಡುಕೂ ತನಕಾ ನೀ ಕಾಯಿ."

ಅದು ಸರಿಯಾದ ಸಲಹೆ. ಅವರ ವೃತ್ತಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು.

ಮೇಧಾ ಎದ್ದು ತನ್ನ ಮಂಚದ ಮೇಲಿದ್ದ ಲ್ಯಾಪ್‌ಟಾಪನ್ನು ತಂದಳು.

"ಇಷ್ಟು ದಿನ ಮಾಡಿದ್ದೇ ಅದಲ್ವಾ ಆಂಟಿ? ಕಾದಿದ್ದು."

"ಏ ಹುಚ್ಚಿ, ನಾ ಹೇಳಿದ್ದು ಕೇಳಸ್ತೋ ಇಲ್ಲೋ?"

"ಕೇಳಿಸ್ತು. ನೀವು ಹೇಳಿದ್ದು ಸರಿ. ನಾಳೆ ಸುಮ್ನಿದ್ರೆ ನಾನು ಉಳೀಬಹುದು. ಆದ್ರೆ ಇನ್ನೊಂದು ದಿನ ಚಿರಂತನ್ ಕಳ್ಳ ಆಗಿರ್ತಾನೆ. ಪ್ಯಾಂಟ್ರಿಗೆ ಬೀಗ ಹಾಕೇ ಇರುತ್ತೆ. ಬ್ರಾಂಪ್ಟನ್ನಿಗೆ ಅಕ್ಕಿ ಹೋಗಲ್ಲ."

ಅವಳು ಕಾಗದ ತೆರೆದಳು. ಉದ್ದದ ಕಾಗದ. ದೀಪಾವಳಿಯಿಂದ ತಿದ್ದಿ ತಿದ್ದಿ ನಯವಾದದ್ದು. ಮೇಲಿನ ಎರಡು ಪ್ಯಾರಾ ನಮಸ್ಕಾರಗಳನ್ನೂ ಹೊಗಳಿಕೆಯನ್ನೂ ಒಮ್ಮೆಗೇ ಅಳಿಸಿದಳು. ಆ ಜಾಗದಲ್ಲಿ ನಾಲ್ಕು ಸಾಲು ಬರೆದಳು. ಲಾಕರಿನ ಎರಡು ಚೀಲ ನಾನು ಇಟ್ಟದ್ದು. ಮೂರನೆಯದು ನನ್ನದಲ್ಲ, ಯಾರದೆಂದು ನನಗೆ ಗೊತ್ತಿಲ್ಲ. ಚಿರಂತನ್ ಇದರಲ್ಲಿಲ್ಲ. ಯಾಕೆ ತೆಗೆದುಕೊಂಡೆ ಎಂಬುದು ಕೆಳಗಿದೆ.

"ಮೇಡಂಗೆ ಮಾತ್ರ ಸಾಕು ಮಾರಾಯ್ತಿ," ಎಂದಳು ಅಕ್ಷಯಾ. ಅವಳ ಕಣ್ಣು ತುಂಬಿತ್ತು. ಇಷ್ಟು ತಿಂಗಳು ಕಳಿಸು ಕಳಿಸು ಎಂದು ಕಾಡಿದವಳು ಈಗ ಗೆಳತಿಯ ಮುಂಗೈ ಹಿಡಿದಿದ್ದಳು.

ಮೇಧಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ವಿಟ್ಲಾಕ್ ಹೆಸರಿನ ಪಕ್ಕದಲ್ಲಿ ಸೊಸೈಟಿಯ ಎಲ್ಲ ಸದಸ್ಯರ ಗುಂಪಿನ ವಿಳಾಸ ಸೇರಿಸಿದಳು.

"ಆ ಗುಂಪಿನ್ಯಾಗ ಚೀಲಾ ಇಟ್ಟಾವರೂ ಇರಬಹುದು," ಎಂದರು ಕೋಕಿಲಾ. "ನಿನಗ ಮೂರನೇದು ಗೊತ್ತಾಗೇದ ಅಂತ ಅವರಿಗೂ ತಿಳೀತದ."

"ತಿಳೀಲಿ."

ಅವಳು ಕಳುಹಿಸುವ ಗುಂಡಿ ಒತ್ತಿದಳು.

ಪರದೆಯ ಕೆಳಗೆ ಒಂದು ಸಣ್ಣ ಪಟ್ಟಿ ಮೂಡಿತು. ಕಳುಹಿಸಲಾಗಿದೆ, ಹಿಂಪಡೆಯಬೇಕೇ ಎಂದು ಕೇಳುತ್ತಿತ್ತು. ಅಕ್ಷಯಾ ಅದನ್ನು ನೋಡಿದಳು, ಕೋಕಿಲಾ ನೋಡಿದರು. ಮೇಧಾ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಯಾರೂ ಮುಟ್ಟದ ಆ ಪಟ್ಟಿ ಸ್ವಲ್ಪ ಹೊತ್ತು ನಿಂತು, ತಾನಾಗಿಯೇ ಅಳಿಸಿಹೋಯಿತು.